ವೆಬ್ ಚೌಕಟ್ಟುಗಳಲ್ಲಿ ಪಟ್ಟಿಗಳ ರೆಂಡರಿಂಗ್

ಪ್ರೋಗ್ರಾಮಿನ ಸ್ಮೃತಿಯಲ್ಲಿರುವ ದತ್ತಾಂಶವನ್ನು ಬ್ರೌಸರಿನ ಪರದೆಯ ಮೇಲೆ ಸಾಲುಸಾಲಾಗಿ ಮೂಡಿಸುವುದು, ದತ್ತಾಂಶ ಬದಲಾದಾಗಲೆಲ್ಲ ಪರದೆಯನ್ನೂ ಅದಕ್ಕೆ ಹೊಂದಿಸುತ್ತ ಹೋಗುವುದು, ಇವೆರಡೂ ಸೇರಿ ಪಟ್ಟಿ ರೆಂಡರಿಂಗ್ ಎನಿಸಿಕೊಳ್ಳುತ್ತವೆ. ಇಮೇಲ್ ಪೆಟ್ಟಿಗೆ, ಬ್ಯಾಂಕ್ ಖಾತೆಯ ವಹಿವಾಟು, ರೈಲುಗಳ ವೇಳಾಪಟ್ಟಿ, ಆನ್‌ಲೈನ್ ಅಂಗಡಿಯ ಸರಕು, ಚಾಟ್ ಸಂದೇಶಗಳು ಹೀಗೆ ನಾವು ದಿನವೂ ತೆರೆಯುವ ಪುಟಗಳಲ್ಲಿ ಹೆಚ್ಚಿನವುಗಳ ಒಡಲು ಒಂದಲ್ಲ ಒಂದು ಪಟ್ಟಿಯೇ. ಪಟ್ಟಿಯನ್ನು ಮೊದಲ ಸಲ ಮೂಡಿಸುವುದು ಸುಲಭ. ತೊಡಕು ಶುರುವಾಗುವುದು ಎರಡನೆಯ ಸಲದಿಂದ. ಸಾವಿರ ಸಾಲುಗಳ ನಡುವೆ ಒಂದು ಹೊಸ ಸಾಲು ಸೇರಿದರೆ, ಹಳೆಯ ಸಾವಿರದಲ್ಲಿ ಯಾವುದು ಎಲ್ಲಿಗೆ ಸರಿಯಿತು, ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂದು ಯಾರೋ ತೀರ್ಮಾನಿಸಬೇಕು. ಈ ತೀರ್ಮಾನವನ್ನು ಪ್ರೋಗ್ರಾಮರನ ಕೈಯಿಂದ ತೆಗೆದುಕೊಂಡು ತಾನೇ ಮಾಡುವುದು ಇಂದಿನ ಎಲ್ಲ ಪ್ರಮುಖ ವೆಬ್ ಚೌಕಟ್ಟುಗಳ ಮುಖ್ಯ ಕೆಲಸಗಳಲ್ಲೊಂದು.

ಸಮಯದ ಲೆಕ್ಕ ಬಹಳ ಬಿಗಿಯಾದದ್ದು. ಸೆಕೆಂಡಿಗೆ 60 ಬಾರಿ ಹೊಸದಾಗುವ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡು. 120 ಬಾರಿ ಹೊಸದಾಗುವ ಫೋನುಗಳಲ್ಲಿ ಅದು 8.3ಕ್ಕೆ ಇಳಿಯುತ್ತದೆ. ಜಾವಾಸ್ಕ್ರಿಪ್ಟ್ ಓಡುವುದು, ಶೈಲಿಗಳ ಲೆಕ್ಕ, ಪುಟದಲ್ಲಿ ಪ್ರತಿ ಅಂಶಕ್ಕೂ ಜಾಗ ಗೊತ್ತುಮಾಡುವ ಲೇಔಟ್, ಬಣ್ಣ ಬಳಿಯುವುದು ಎಲ್ಲವೂ ಅಷ್ಟರೊಳಗೆ ಮುಗಿಯಬೇಕು. ಮುಗಿಯದಿದ್ದರೆ ಸ್ಕ್ರೋಲ್ ತಡವರಿಸುತ್ತದೆ, ಒತ್ತಿದ ಅಕ್ಷರ ತಡವಾಗಿ ಕಾಣುತ್ತದೆ. ಅಗ್ಗದ ಫೋನಿನಲ್ಲಿ ಇದು ಇನ್ನೂ ಬೇಗ ಎದ್ದು ಕಾಣುತ್ತದೆ. ಆದ್ದರಿಂದ ಅಭಿವೃದ್ಧಿಗಾರನ ದುಬಾರಿ ಲ್ಯಾಪ್‌ಟಾಪಿನಲ್ಲಿ ಪಟ್ಟಿ ಸರಾಗವಾಗಿ ಓಡಿತು ಎನ್ನುವುದನ್ನು ಪುರಾವೆಯಾಗಿ ಒಪ್ಪುವಂತಿಲ್ಲ.

ಚೌಕಟ್ಟುಗಳಿಗೆ ಮೊದಲು

ಆರಂಭದ ವಿಧಾನ ಒರಟಾಗಿತ್ತು. ಇಡೀ ಪಟ್ಟಿಯನ್ನು ಎಚ್‌ಟಿಎಂಎಲ್ ಪಠ್ಯವಾಗಿ ಹೊಸೆದು ಇನ್ನರ್‌ಎಚ್‌ಟಿಎಂಎಲ್ ಎಂಬ ಗುಣಕ್ಕೆ ಒಮ್ಮೆಲೇ ಕೊಡುವುದು. ಮೊದಲ ಚಿತ್ರಣಕ್ಕೆ ಇದು ಇಂದಿಗೂ ವೇಗದ ದಾರಿಯೇ. ಆದರೆ ಮರುಚಿತ್ರಣದಲ್ಲಿ ಹಳೆಯ ಸಾಲುಗಳೆಲ್ಲ ನಾಶವಾಗಿ ಹೊಸವು ಹುಟ್ಟುತ್ತವೆ. ಅವುಗಳ ಜೊತೆಗೆ ಬಳಕೆದಾರ ಅರ್ಧ ಟೈಪ್ ಮಾಡಿದ ಪಠ್ಯ, ಕರ್ಸರ್ ನಿಂತ ಜಾಗ, ಆಯ್ದ ಭಾಗ, ಒಳಗಿನ ಸ್ಕ್ರೋಲ್ ಎಲ್ಲವೂ ಅಳಿಸಿಹೋಗುತ್ತವೆ. ಇದನ್ನು ತಪ್ಪಿಸಲು ಬ್ರೌಸರ್ ಪುಟದ ಅಂಶಗಳನ್ನು ಜೋಡಿಸಿಟ್ಟುಕೊಳ್ಳುವ ಡಾಮ್ ವೃಕ್ಷದ ನೋಡ್‌ಗಳನ್ನು ಕೈಯಾರೆ ತಿದ್ದಹೊರಟವರು ಇನ್ನೊಂದು ಬಲೆಗೆ ಬೀಳುತ್ತಿದ್ದರು. ಒಂದು ಸಾಲಿನ ಎತ್ತರ ಓದುವುದು, ಅದನ್ನು ಬದಲಿಸುವುದು, ಮುಂದಿನದರ ಎತ್ತರ ಓದುವುದು ಹೀಗೆ ಓದು-ಬರಹಗಳನ್ನು ಹೆಣೆದರೆ ಬ್ರೌಸರ್ ಪ್ರತಿ ಓದಿಗೂ ಲೇಔಟನ್ನು ಹೊಸದಾಗಿ ಲೆಕ್ಕಹಾಕಬೇಕಾಗುತ್ತದೆ. ಓದುಗಳನ್ನೆಲ್ಲ ಮೊದಲು, ಬರಹಗಳನ್ನೆಲ್ಲ ನಂತರ ಮಾಡಿದರೆ ಅದೇ ಕೆಲಸ ಒಂದೇ ಲೆಕ್ಕದಲ್ಲಿ ಮುಗಿಯುತ್ತದೆ.

ಕೋಷ್ಟಕದ ರೂಪದ ಪಟ್ಟಿಗಳಿಗೆ ಮತ್ತೊಂದು ವಿಶೇಷ ಹೊರೆಯಿದೆ. ಎಚ್‌ಟಿಎಂಎಲ್ ಕೋಷ್ಟಕದ ಸಹಜ ನಡವಳಿಕೆಯಲ್ಲಿ ಕಂಬದ ಅಗಲ ಅದರೊಳಗಿನ ಎಲ್ಲ ಸಾಲುಗಳನ್ನೂ ಅವಲಂಬಿಸಿರುತ್ತದೆ. ಒಂದು ಕೋಶದಲ್ಲಿ ಪದ ಉದ್ದವಾದರೆ ಇಡೀ ಕೋಷ್ಟಕದ ಅಳತೆ ಮತ್ತೆ ನಡೆಯುತ್ತದೆ. ಸಿಎಸ್ಎಸ್‌ನಲ್ಲಿ ಕೋಷ್ಟಕದ ಲೇಔಟನ್ನು ಸ್ಥಿರ ಎಂದು ಘೋಷಿಸಿ ಅಗಲಗಳನ್ನು ಮೊದಲೇ ಕೊಟ್ಟರೆ ಈ ಅಳತೆ ತಪ್ಪುತ್ತದೆ. ಯಾವ ಚೌಕಟ್ಟಿನ ಹಂಗೂ ಇಲ್ಲದ ಈ ಒಂದು ಸಾಲು, ಎಷ್ಟೋ ದೊಡ್ಡ ಕೋಷ್ಟಕಗಳಲ್ಲಿ ದಿನಗಟ್ಟಲೆ ಕೋಡ್ ತಿದ್ದಿದ್ದಕ್ಕಿಂತ ಹೆಚ್ಚು ಫಲ ಕೊಡಬಲ್ಲದು.

2010ರಲ್ಲಿ ಹೊರಬಂದ ನಾಕ್‌ಔಟ್ ಮತ್ತು ಆಂಗ್ಯುಲರ್‌ಜೆಎಸ್ ಪಟ್ಟಿಯನ್ನು ಘೋಷಣೆಯ ರೂಪಕ್ಕೆ ತಂದವು. ಹೇಗೆ ಬದಲಿಸಬೇಕೆಂದು ಹೇಳುವ ಬದಲು ಏನು ಕಾಣಬೇಕೆಂದು ಹೇಳಿದರೆ ಸಾಕಾಯಿತು. ಹಳೆಯ ಪಟ್ಟಿಗೂ ಹೊಸದಕ್ಕೂ ಇರುವ ಅಂತರವನ್ನು ಕಂಡುಹಿಡಿಯಲು ನಾಕ್‌ಔಟ್ ಲೆವೆನ್‌ಸ್ಟೈನ್ ವಿಧಾನವನ್ನು, ಅಂದರೆ ಎರಡು ಪದಗಳ ಕಾಗುಣಿತದ ಅಂತರ ಅಳೆಯುವ ಅದೇ ಲೆಕ್ಕವನ್ನು ಬಳಸಿತು. ಆಂಗ್ಯುಲರ್‌ಜೆಎಸ್‌ನ ಎನ್‌ಜಿ-ರಿಪೀಟ್ ಪ್ರತಿ ವಸ್ತುವಿನ ಮೇಲೂ ತನ್ನದೇ ಒಂದು ಗುಪ್ತ ಗುರುತನ್ನು ಒತ್ತುತ್ತಿತ್ತು. ಸರ್ವರಿನಿಂದ ಅದೇ ಪಟ್ಟಿ ಮತ್ತೊಮ್ಮೆ ಬಂದಾಗ ವಸ್ತುಗಳು ಹೊಸವು, ಅವುಗಳ ಮೇಲೆ ಗುರುತಿಲ್ಲ. ಹಾಗಾಗಿ ಒಂದಕ್ಷರವೂ ಬದಲಾಗದಿದ್ದರೂ ಎಲ್ಲ ಸಾಲುಗಳೂ ಕೆಡವಿ ಕಟ್ಟಲ್ಪಡುತ್ತಿದ್ದವು. 2013ರ 1.2 ಆವೃತ್ತಿಯಲ್ಲಿ ಬಂದ ಟ್ರ್ಯಾಕ್ ಬೈ ಈ ದುಂದನ್ನು ನಿಲ್ಲಿಸಿತು. ಗುರುತು ವಸ್ತುವಿನ ವಿಳಾಸದಲ್ಲಿಲ್ಲ, ದತ್ತಾಂಶದೊಳಗಿನ ಐಡಿಯಲ್ಲಿದೆ ಎಂದು ಪ್ರೋಗ್ರಾಮರನೇ ಹೇಳಬಹುದಾಯಿತು. ಪಟ್ಟಿಗಳ ದಕ್ಷತೆಯ ಪ್ರಶ್ನೆ ಮೂಲದಲ್ಲಿ ವೇಗದ್ದಲ್ಲ, ಗುರುತಿನದು ಎಂಬ ಈ ಲೇಖನದ ನಿಲುವಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ರಿಯಾಕ್ಟ್ ಮತ್ತು ಹೋಲಿಕೆಯ ಬೆಲೆ

ಫೇಸ್‌ಬುಕ್‌ನಲ್ಲಿ ಜೋರ್ಡನ್ ವಾಕ್ ರೂಪಿಸಿದ ರಿಯಾಕ್ಟ್ 2013ರ ಮೇ ತಿಂಗಳಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾಯಿತು. ಪರದೆ ಹೇಗಿರಬೇಕೆಂಬುದರ ಹಗುರ ನಕಲನ್ನು, ವರ್ಚುವಲ್ ಡಾಮ್ ಎಂದು ಹೆಸರಾದ ವೃಕ್ಷವನ್ನು, ಅದು ಪ್ರತಿ ಬದಲಾವಣೆಗೂ ಹೊಸದಾಗಿ ಕಟ್ಟುತ್ತದೆ. ನಂತರ ಹಳೆಯ ನಕಲಿನೊಡನೆ ಹೋಲಿಸಿ, ವ್ಯತ್ಯಾಸವಿದ್ದಲ್ಲಿ ಮಾತ್ರ ನಿಜವಾದ ಡಾಮನ್ನು ಮುಟ್ಟುತ್ತದೆ. ಎರಡು ವೃಕ್ಷಗಳ ನಡುವಿನ ಕನಿಷ್ಠ ವ್ಯತ್ಯಾಸವನ್ನು ಕರಾರುವಾಕ್ಕಾಗಿ ಹುಡುಕುವ ಸಾಮಾನ್ಯ ವಿಧಾನಗಳಲ್ಲಿ ಕೆಲಸ ನೋಡ್‌ಗಳ ಸಂಖ್ಯೆಯ ಘನದಷ್ಟು ಬೆಳೆಯುತ್ತದೆ. 1,000 ನೋಡ್‌ಗಳಿಗೆ ನೂರು ಕೋಟಿ ಹೋಲಿಕೆಗಳ ಅಂದಾಜು. 16 ಮಿಲಿಸೆಕೆಂಡಿನಲ್ಲಿ ಇದು ಅಸಾಧ್ಯ.

ರಿಯಾಕ್ಟ್ ಕರಾರುವಾಕ್ಕುತನವನ್ನು ಬಿಟ್ಟುಕೊಟ್ಟು ಎರಡು ಊಹೆಗಳನ್ನು ನೆಚ್ಚಿತು. ಬೇರೆ ಬಗೆಯ ಅಂಶಗಳು ಬೇರೆ ವೃಕ್ಷಗಳನ್ನೇ ಕೊಡುತ್ತವೆ ಎಂಬುದು ಮೊದಲನೆಯದು. ಒಡಹುಟ್ಟಿದ ಅಂಶಗಳಲ್ಲಿ ಯಾವುದು ಯಾವುದೆಂದು ಪ್ರೋಗ್ರಾಮರ್ ಕೀ ಎಂಬ ಗುರುತಿನ ಮೂಲಕ ಸೂಚಿಸುತ್ತಾನೆ ಎಂಬುದು ಎರಡನೆಯದು. ಇವುಗಳ ಬಲದಿಂದ ಕೆಲಸ ನೋಡ್‌ಗಳ ಸಂಖ್ಯೆಗೆ ನೇರ ಅನುಪಾತಕ್ಕೆ ಇಳಿಯಿತು. ಯಂತ್ರಕ್ಕೆ ಹುಡುಕಲು ದುಬಾರಿಯಾದ ಒಂದು ಸಂಗತಿ ಬರೆಯುವವನಿಗೆ ಮೊದಲೇ ಗೊತ್ತಿರುತ್ತದೆ. ಅದನ್ನು ಅವನ ಬಾಯಿಂದಲೇ ಕೇಳಿ ತಿಳಿದುಕೊಂಡದ್ದು ರಿಯಾಕ್ಟ್‌ನ ಜಾಣತನ.

ಕೀ ಎಂಬ ಗುರುತು

ಶಾಲೆಯ ಹಾಜರಿ ಪುಸ್ತಕವನ್ನು ನೆನೆಯಬಹುದು. ಪ್ರತಿ ಮಗುವಿಗೂ ಹಾಜರಿ ಸಂಖ್ಯೆಯೊಂದಿದೆ, ದಾಖಲಾತಿ ಸಂಖ್ಯೆಯೊಂದಿದೆ. ಹಾಜರಿ ಸಂಖ್ಯೆ ಸಾಲಿನಲ್ಲಿ ಎಷ್ಟನೆಯವರು ಎಂಬುದನ್ನಷ್ಟೇ ಹೇಳುತ್ತದೆ, ವರ್ಷ ಬದಲಾದರೆ ಅದೂ ಬದಲಾಗುತ್ತದೆ. ದಾಖಲಾತಿ ಸಂಖ್ಯೆ ಮಗು ಆ ಶಾಲೆ ಬಿಡುವವರೆಗೂ ಒಂದೇ. ಸಾಲಿನ ಕ್ರಮಸಂಖ್ಯೆಯನ್ನು ಕೀ ಆಗಿ ಬಳಸುವುದೆಂದರೆ ಹಾಜರಿ ಸಂಖ್ಯೆಯ ಮೇಲೆ ಮಗುವಿನ ಅಂಕಗಳನ್ನೆಲ್ಲ ಬರೆದಿಟ್ಟಂತೆ. ಮುಂದಿನ ವರ್ಷ ಒಬ್ಬರ ಅಂಕ ಇನ್ನೊಬ್ಬರ ಹೆಸರಿಗೆ ಬೀಳುತ್ತದೆ.

ಬ್ರೌಸರಿನಲ್ಲಿ ಆಗುವುದೂ ಹೀಗೆಯೇ. ಸಾವಿರ ಸಾಲುಗಳ ಪಟ್ಟಿಯ ತಲೆಯಲ್ಲಿ ಹೊಸ ಸಾಲೊಂದು ಬಂದಿತೆನ್ನೋಣ. ಸ್ಥಿರ ಐಡಿ ಕೀ ಆಗಿದ್ದರೆ ಒಂದು ಸಾಲು ಸೃಷ್ಟಿಯಾಗುತ್ತದೆ, ಉಳಿದವು ಅಲುಗುವುದಿಲ್ಲ. ಕ್ರಮಸಂಖ್ಯೆ ಕೀ ಆಗಿದ್ದರೆ ಚೌಕಟ್ಟು ಮೊದಲನೆಯದನ್ನು ಮೊದಲನೆಯದರೊಡನೆ, ಎರಡನೆಯದನ್ನು ಎರಡನೆಯದರೊಡನೆ ಹೋಲಿಸಿ ಸಾವಿರ ಸಾಲುಗಳ ಪಠ್ಯವನ್ನೂ ತಿದ್ದಿ, ಕೊನೆಯಲ್ಲಿ ಒಂದು ಸಾಲು ಸೇರಿಸುತ್ತದೆ. ನಿಧಾನವಾಗುವುದು ಇದರ ಸಣ್ಣ ದೋಷ. ದೊಡ್ಡ ದೋಷ ಬೇರೆಯಿದೆ. ಮೂರನೆಯ ಸಾಲಿನ ಪೆಟ್ಟಿಗೆಯಲ್ಲಿ ಬಳಕೆದಾರ ಬರೆದದ್ದು ಮೂರನೆಯ ಜಾಗದಲ್ಲೇ ಉಳಿದು, ಈಗ ಅಲ್ಲಿಗೆ ಸರಿದು ಬಂದ ಬೇರೊಬ್ಬರ ಮಾಹಿತಿಗೆ ಅಂಟಿಕೊಳ್ಳುತ್ತದೆ. ಪರದೆ ಸುಳ್ಳು ಹೇಳತೊಡಗುತ್ತದೆ. ಹಣ ವರ್ಗಾವಣೆಯ ಪಟ್ಟಿಯಲ್ಲಿ ಗುರುತು ಹಾಕಿದ ಚೌಕ ಒಂದು ಸಾಲು ಕೆಳಗೆ ಜಾರಿದರೆ ಏನಾಗಬಹುದೆಂದು ಊಹಿಸಿದರೆ, ಇದನ್ನು ಬರೀ ವೇಗದ ವಿಷಯವೆಂದು ತಳ್ಳಿಹಾಕಲಾಗದು.

ಪ್ರತಿ ಸಲವೂ ಯಾದೃಚ್ಛಿಕ ಸಂಖ್ಯೆಯನ್ನು ಕೀ ಆಗಿ ಕೊಡುವುದು ಇನ್ನೂ ಕೆಟ್ಟದ್ದು. ಆಗ ಯಾವ ಸಾಲೂ ಹಳೆಯದಾಗಿ ಗುರುತಿಗೆ ಸಿಗದೆ, ಪ್ರತಿ ಮರುಚಿತ್ರಣದಲ್ಲೂ ಎಲ್ಲವೂ ನಾಶವಾಗಿ ಮತ್ತೆ ಹುಟ್ಟುತ್ತವೆ. ಎರಡು ಸಾಲುಗಳಿಗೆ ಒಂದೇ ಕೀ ಬಂದರೆ ಆಂಗ್ಯುಲರ್‌ಜೆಎಸ್ ದೋಷ ತೋರಿಸಿ ನಿಲ್ಲುತ್ತಿತ್ತು. ರಿಯಾಕ್ಟ್ ಎಚ್ಚರಿಸುತ್ತದೆ, ಆದರೂ ಸಾಲುಗಳು ನಕಲಾಗುವ ಅಥವಾ ಬಿಟ್ಟುಹೋಗುವ ಅಪಾಯ ಉಳಿಯುತ್ತದೆ.

ಹೆಸರನ್ನೇ ಕೀ ಮಾಡಿಕೊಳ್ಳುವ ಚಾಳಿ ಕನ್ನಡದ ದತ್ತಾಂಶದಲ್ಲಿ ಎರಡು ಕಡೆಯಿಂದ ಕೈಕೊಡುತ್ತದೆ. ಮಂಜುನಾಥ, ಲಕ್ಷ್ಮಿ ಮುಂತಾದ ಹೆಸರುಗಳು ಒಂದೇ ಪಟ್ಟಿಯಲ್ಲಿ ಹಲವು ಸಲ ಬರುವುದು ಮೊದಲನೆಯದು. ಎರಡನೆಯದು ಯೂನಿಕೋಡಿನ ಸೂಕ್ಷ್ಮ. ಕೊಡಗು ಎಂಬುದರ ಮೊದಲ ಅಕ್ಷರದಲ್ಲಿರುವ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಜಾವಾಸ್ಕ್ರಿಪ್ಟಿಗೆ ಬೇರೆ ಬೇರೆ. ಪಠ್ಯವನ್ನು ನಾರ್ಮಲೈಸ್ ಮಾಡದೆ, ಅಂದರೆ ಒಂದೇ ಸಂಕೇತರೂಪಕ್ಕೆ ತರದೆ, ಕೀ ಆಗಿ ಬಳಸಿದರೆ ಒಂದೇ ಊರು ಎರಡು ಊರಾಗಿಬಿಡುತ್ತದೆ. ವಿಂಗಡಣೆಯಲ್ಲೂ ಇಂಥದೇ ತೊಡಕಿದೆ. ಜಾವಾಸ್ಕ್ರಿಪ್ಟಿನ ಸಹಜ ವಿಂಗಡಣೆ ಸಂಕೇತಗಳ ಕ್ರಮವನ್ನು ನೋಡುವುದರಿಂದ ಳಕಾರ ವಕಾರಕ್ಕಿಂತ ಮೊದಲು ಬರುತ್ತದೆ. ವರ್ಣಮಾಲೆಯಲ್ಲಾದರೋ ಅದು ಹಕಾರದ ನಂತರದ್ದು. ಕನ್ನಡದ ಅಕ್ಷರಕ್ರಮ ತಿಳಿದ ಹೋಲಿಕೆ ಸಾಧನವಾದ ಕನ್ನಡ ಲೊಕೇಲಿನ ಕೊಲೇಟರ್ ಒಂದನ್ನು ಒಮ್ಮೆ ಸೃಷ್ಟಿಸಿಕೊಂಡು ಎಲ್ಲ ಹೋಲಿಕೆಗಳಿಗೂ ಅದನ್ನೇ ಬಳಸುವುದು ದೊಡ್ಡ ಪಟ್ಟಿಗಳಿಗೆ ಸರಿಯಾದ ಮಾರ್ಗ.

ಕೀ ಇಲ್ಲದ ವಿಧಾನವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಇವಾನ್ ಯೂ 2014ರಲ್ಲಿ ಬಿಡುಗಡೆ ಮಾಡಿದ ವ್ಯೂ ಚೌಕಟ್ಟು ವಿ-ಫಾರ್‌ಗೆ ಕೀ ಕೊಡದಿದ್ದಾಗ ಸಾಲುಗಳನ್ನು ಇದ್ದಲ್ಲೇ ತಿದ್ದುತ್ತದೆ. ಸಾಲಿನೊಳಗೆ ಬಳಕೆದಾರನ ಸ್ಥಿತಿ ಏನೂ ಇಲ್ಲದ, ಪುಟ ತಿರುವಿದಾಗ ಇಪ್ಪತ್ತಕ್ಕೆ ಇಪ್ಪತ್ತೂ ಬದಲಾಗುವ ಸರಳ ಪಟ್ಟಿಗೆ ಇದು ವೇಗವಾದದ್ದೇ. ಹಳೆಯ ಸಾಲುಗಳನ್ನು ಎಸೆಯದೆ ಅವುಗಳಲ್ಲೇ ಹೊಸ ಪಠ್ಯ ತುಂಬುತ್ತದೆ.

ಸಾಲುಗಳನ್ನು ಸರಿಸುವ ಲೆಕ್ಕ

ಗುರುತು ಸಿಕ್ಕ ಮೇಲೆ ಮುಂದಿನ ಪ್ರಶ್ನೆ, ಕ್ರಮ ಬದಲಾದಾಗ ಎಷ್ಟು ಸಾಲುಗಳನ್ನು ಕಿತ್ತು ನೆಡಬೇಕು ಎಂಬುದು. ರಿಯಾಕ್ಟ್ ಹೊಸ ಪಟ್ಟಿಯನ್ನು ಎಡದಿಂದ ಬಲಕ್ಕೆ ಒಮ್ಮೆ ಓದುತ್ತದೆ. ಇದುವರೆಗೆ ಕಂಡ ಸಾಲುಗಳ ಹಳೆಯ ಸ್ಥಾನಗಳಲ್ಲಿ ದೊಡ್ಡದನ್ನು ನೆನಪಿಟ್ಟುಕೊಂಡು, ಅದಕ್ಕಿಂತ ಚಿಕ್ಕ ಸ್ಥಾನದಿಂದ ಬಂದದ್ದನ್ನೆಲ್ಲ ಸರಿಸುತ್ತದೆ. ಮೊದಲ ಸಾಲು ಕೊನೆಗೆ ಹೋದರೆ ಒಂದೇ ಸರಿಸುವಿಕೆ ಸಾಕು. ಆದರೆ ಕೊನೆಯ ಸಾಲು ತಲೆಗೆ ಬಂದರೆ ಉಳಿದೆಲ್ಲವೂ ಅದಕ್ಕಿಂತ ಹಿಂದಿನವಾಗಿ ಕಂಡು, ಸಾವಿರದಲ್ಲಿ 999 ಸಾಲುಗಳು ಸರಿಯುತ್ತವೆ.

ಸ್ನ್ಯಾಬ್‌ಡಾಮ್ ಎಂಬ ಗ್ರಂಥಾಲಯ ಎರಡೂ ತುದಿಗಳಿಂದ ಹೋಲಿಸುವ ಉಪಾಯ ಮಾಡಿತು. 2016ರ ವ್ಯೂ 2 ಅದನ್ನೇ ಆಧರಿಸಿತು. 2020ರ ಸೆಪ್ಟೆಂಬರಿನಲ್ಲಿ ಬಂದ ವ್ಯೂ 3 ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇನ್ಫರ್ನೊ ಮತ್ತು ಐವಿಐ ಗ್ರಂಥಾಲಯಗಳ ದಾರಿ ಹಿಡಿದು, ಅತಿ ಉದ್ದದ ಏರು ಉಪಸರಣಿಯನ್ನು ಹುಡುಕುತ್ತದೆ. 1, 2, 3, 4, 5, 6 ಎಂಬ ಕ್ರಮ 1, 3, 4, 5, 2, 6 ಆಯಿತೆಂದರೆ 1, 3, 4, 5, 6 ಏರುತ್ತಲೇ ಇವೆ. ಅವು ಇದ್ದಲ್ಲೇ ಇರಲಿ, 2 ಮಾತ್ರ ಸರಿದರೆ ಸಾಕು. ಕೊನೆಯದು ತಲೆಗೆ ಬಂದ ಮೇಲಿನ ಪ್ರಸಂಗದಲ್ಲೂ ಒಂದೇ ಸರಿಸುವಿಕೆ. ಈ ಉಪಸರಣಿಯ ಗಣಿತವನ್ನು ಕ್ರೇಗ್ ಶೆನ್‌ಸ್ಟೆಡ್ 1961ರಲ್ಲೇ ಬರೆದಿದ್ದರು. ಬ್ರೌಸರ್ ಎಂಬುದೇ ಇಲ್ಲದ ಕಾಲದ ಶುದ್ಧ ಗಣಿತ ಆರು ದಶಕಗಳ ನಂತರ ಅಂಗಡಿಯ ಸರಕಿನ ಪಟ್ಟಿಯನ್ನು ಬೆಲೆಯ ಪ್ರಕಾರ ಜೋಡಿಸುವಲ್ಲಿ ನೆರವಾಗುತ್ತಿರುವುದು ಸಂತೋಷದ ಸಂಗತಿ.

ವರ್ಚುವಲ್ ಡಾಮನ್ನೇ ಬೇಡವೆಂದ ಚೌಕಟ್ಟುಗಳೂ ಗುರುತನ್ನು ಬೇಡವೆನ್ನಲಾಗಲಿಲ್ಲ. ರಿಚ್ ಹ್ಯಾರಿಸ್ 2016ರಲ್ಲಿ ಆರಂಭಿಸಿದ ಸ್ವೆಲ್ಟ್ ಕೋಡನ್ನು ಕಂಪೈಲ್ ಮಾಡುವಾಗಲೇ ತಿದ್ದುವ ಸೂಚನೆಗಳನ್ನು ಸಿದ್ಧಪಡಿಸುತ್ತದೆ, ಆದರೂ ಅದರ ಈಚ್ ಖಂಡದಲ್ಲಿ ಕೀ ಬರೆಯಲು ಜಾಗವಿದೆ. ರಯಾನ್ ಕಾರ್ನಿಯಾಟೊ ಅವರ ಸಾಲಿಡ್‌ನಲ್ಲಿ ಫಾರ್ ಮತ್ತು ಇಂಡೆಕ್ಸ್ ಎಂಬ ಎರಡು ಪ್ರತ್ಯೇಕ ಸಾಧನಗಳಿವೆ. ಮೊದಲನೆಯದು ಸಾಲನ್ನು ವಸ್ತುವಿಗೆ ಕಟ್ಟುತ್ತದೆ, ಎರಡನೆಯದು ಸ್ಥಾನಕ್ಕೆ. ಆಂಗ್ಯುಲರ್‌ಜೆಎಸ್‌ನ ಉತ್ತರಾಧಿಕಾರಿಯಾದ ಆಂಗ್ಯುಲರ್ 2023ರ ನವೆಂಬರಿನ 17ನೆಯ ಆವೃತ್ತಿಯ ಹೊಸ ಫಾರ್ ಖಂಡದಲ್ಲಿ ಟ್ರ್ಯಾಕ್ ಕೊಡುವುದನ್ನು ಕಡ್ಡಾಯಗೊಳಿಸಿತು. ಅಲ್ಲಿಯವರೆಗೆ ಐಚ್ಛಿಕವಾಗಿದ್ದುದರಿಂದ ಮರೆತವರೇ ಹೆಚ್ಚು. ಮರೆತರೆ ಕಂಪೈಲ್ ಆಗದಂತೆ ಮಾಡಿದ್ದು ಸರಿಯಾದ ತೀರ್ಮಾನ.

ಮುಟ್ಟದೆ ಬಿಡುವುದು

ಹತ್ತು ಸಾವಿರ ಸಾಲುಗಳಲ್ಲಿ ಒಂದನ್ನು ಆಯ್ದು, ನಂತರ ಇನ್ನೊಂದನ್ನು ಆಯ್ದರೆ ಪರದೆಯಲ್ಲಿ ಬದಲಾಗುವುದು ಎರಡೇ ಸಾಲು. ಆದರೆ ಆಯ್ಕೆಯ ಮಾಹಿತಿ ಪಟ್ಟಿಯ ತಾಯಿ ಕಾಂಪೊನೆಂಟಿನಲ್ಲಿದ್ದರೆ ರಿಯಾಕ್ಟ್ ಹತ್ತು ಸಾವಿರ ಸಾಲುಗಳ ನಕಲನ್ನೂ ಕಟ್ಟಿ ಹೋಲಿಸುತ್ತದೆ. ಮೆಮೊ ಎಂಬ ಹೊದಿಕೆ ಸಾಲಿನ ಒಳಸುರಿಗಳು ಬದಲಾಗಿಲ್ಲವೆಂದು ಕಂಡರೆ ಆ ಸಾಲನ್ನು ದಾಟಿ ಮುಂದೆ ಹೋಗುತ್ತದೆ. ಈ ಪರೀಕ್ಷೆ ವಸ್ತುವಿನ ಒಳಗನ್ನು ನೋಡದೆ ವಿಳಾಸವನ್ನಷ್ಟೇ ನೋಡುವುದರಿಂದ, ಬದಲಾದ ಸಾಲಿಗೆ ಮಾತ್ರ ಹೊಸ ವಸ್ತು ಕೊಟ್ಟು ಉಳಿದವನ್ನು ಹಾಗೆಯೇ ಬಿಡುವ ಶಿಸ್ತು ಬೇಕು. ಪ್ರತಿ ಸಾಲಿಗೂ ಹೊಸ ಕ್ಲಿಕ್ ಫಂಕ್ಷನ್ ಸೃಷ್ಟಿಸಿ ಕೊಟ್ಟರೆ ಮೆಮೊ ವ್ಯರ್ಥ. ವ್ಯೂ 3.2ರಲ್ಲಿ ಬಂದ ವಿ-ಮೆಮೊ ಇದೇ ಕೆಲಸಕ್ಕೆ. ಸಾವಿರಕ್ಕೂ ಮೀರಿದ ಪಟ್ಟಿಗಳೇ ಅದರ ಸಾಮಾನ್ಯ ಬಳಕೆಯೆಂದು ಅದರ ಕೈಪಿಡಿಯೇ ಹೇಳುತ್ತದೆ.

ಕಿಟಕಿಯ ವಿಧಾನ

ಇದುವರೆಗಿನ ಎಲ್ಲ ಉಪಾಯಗಳೂ ಲಕ್ಷ ಸಾಲುಗಳ ಮುಂದೆ ಸೋಲುತ್ತವೆ. ಲಕ್ಷ ನೋಡ್‌ಗಳು ಡಾಮ್‌ನಲ್ಲಿ ಇರುವುದೇ ಭಾರ. ಆದರೆ ಪರದೆಯಲ್ಲಿ ಒಮ್ಮೆಗೆ ಕಾಣುವುದು ಇಪ್ಪತ್ತೋ ಮೂವತ್ತೋ. ಕಾಣುವಷ್ಟನ್ನೇ ಇಟ್ಟು ಉಳಿದದ್ದಕ್ಕೆ ಖಾಲಿ ಎತ್ತರ ಬಿಡುವುದು ವರ್ಚುವಲ್ ಸ್ಕ್ರೋಲಿಂಗ್ ಅಥವಾ ವಿಂಡೋಯಿಂಗ್. ಹಿಂದೆ ತೋಟಕ್ಕೆ ನೀರೆತ್ತುತ್ತಿದ್ದ ಘಟೀಯಂತ್ರದಲ್ಲಿ ಗಡಿಗೆಗಳು ಎಣಿಸುವಷ್ಟೇ. ಮೇಲೆ ಬಂದು ಬರಿದಾದದ್ದು ಕೆಳಗಿಳಿದು ಮತ್ತೆ ತುಂಬಿಕೊಳ್ಳುತ್ತಿತ್ತು. ಐಫೋನಿನ ಯುಐಟೇಬಲ್‌ವ್ಯೂ 2008ರಿಂದಲೂ, ಆಂಡ್ರಾಯ್ಡ್‌ನ ರಿಸೈಕ್ಲರ್‌ವ್ಯೂ 2014ರಿಂದಲೂ ಸಾಲುಗಳನ್ನು ಹೀಗೆಯೇ ಮರುಬಳಸುತ್ತ ಬಂದಿವೆ. ವೆಬ್‌ನಲ್ಲಿ ಬ್ರಯಾನ್ ವಾನ್ ಅವರ ರಿಯಾಕ್ಟ್-ವರ್ಚುವಲೈಸ್ಡ್ ಮತ್ತು ರಿಯಾಕ್ಟ್-ವಿಂಡೋ, ಟ್ಯಾನರ್ ಲಿನ್ಸ್‌ಲಿ ಅವರ ಟ್ಯಾನ್‌ಸ್ಟ್ಯಾಕ್ ವರ್ಚುವಲ್, 2018ರ ಆಂಗ್ಯುಲರ್ 7ರೊಡನೆ ಬಂದ ಸಿಡಿಕೆ ಸ್ಕ್ರೋಲಿಂಗ್ ಹೆಸರಾದವು.

ಎಲ್ಲ ಸಾಲುಗಳ ಎತ್ತರವೂ ಒಂದೇ ಆಗಿದ್ದರೆ ಲೆಕ್ಕ ಭಾಗಾಕಾರವಷ್ಟೇ. ಸಾಲು 40 ಪಿಕ್ಸೆಲ್, ಸ್ಕ್ರೋಲ್ 48,000 ಪಿಕ್ಸೆಲ್ ಇಳಿದಿದೆ ಎಂದರೆ ಮೇಲೆ 1,200 ಸಾಲು ಕಳೆದಿವೆ. ಕಿಟಕಿ 800 ಪಿಕ್ಸೆಲ್ ಎತ್ತರವಿದ್ದರೆ ಇಪ್ಪತ್ತು ಸಾಲು ಸಾಕು. ಬೇಗ ಸ್ಕ್ರೋಲ್ ಮಾಡಿದಾಗ ಬಿಳಿ ಜಾಗ ಕಾಣದಿರಲೆಂದು ಮೇಲೊಂದೈದು ಕೆಳಗೊಂದೈದು ಹೆಚ್ಚಿಗೆ ಇಡುತ್ತಾರೆ. ಎತ್ತರಗಳು ಬೇರೆ ಬೇರೆಯಾದಾಗ ಕಷ್ಟ ಆರಂಭ. ಮೊದಲು ಅಂದಾಜು, ಸಾಲು ಪರದೆಗೆ ಬಂದ ಮೇಲೆ ನಿಜವಾದ ಅಳತೆ, ಎತ್ತರಗಳ ಸಂಚಿತ ಮೊತ್ತದಲ್ಲಿ ದ್ವಿಭಾಜಕ ಹುಡುಕಾಟ. ಅಂದಾಜು ತಪ್ಪಿದಷ್ಟೂ ಸ್ಕ್ರೋಲ್ ಪಟ್ಟಿ ನೆಗೆಯುತ್ತದೆ.

ಕನ್ನಡ ಪಠ್ಯದ ಪಟ್ಟಿಗಳಲ್ಲಿ ಈ ಅಂದಾಜು ಸುಲಭವಾಗಿ ತಪ್ಪುತ್ತದೆ. ಅಕ್ಷರಗಳ ಸಂಖ್ಯೆಯಿಂದ ಸಾಲಿನ ಉದ್ದ ಊಹಿಸುವ ವಿಧಾನ ಇಂಗ್ಲಿಷಿಗೆ ಹೇಗೋ ಒಗ್ಗುತ್ತದೆ. ಆದರೆ ‘ಸ್ತ್ರೀ’ ಎಂಬ ಒಂದೇ ಅಕ್ಷರ ಜಾವಾಸ್ಕ್ರಿಪ್ಟಿನ ಎಣಿಕೆಯಲ್ಲಿ ಆರು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಇಲ್ಲದಿದ್ದರೆ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ, ಸ್ಥಿರ ಎತ್ತರದ ಸಾಲಿನಲ್ಲಾದರೆ ಕತ್ತರಿಸಿಹೋಗುತ್ತವೆ. ಕನ್ನಡ ವೆಬ್ ಫಾಂಟು ತಡವಾಗಿ ಬಂದಿಳಿದರೆ ಅಳೆದಿಟ್ಟ ಎತ್ತರಗಳೆಲ್ಲ ಹಳಸಿಹೋಗುತ್ತವೆ. ಫಾಂಟು ಬಂದ ಮೇಲೆ ಮತ್ತೆ ಅಳೆಯುವುದೇ ಇದಕ್ಕೆ ಪರಿಹಾರ.

ಈ ವಿಧಾನಕ್ಕೆ ತೆರಬೇಕಾದ ಬೆಲೆಯೂ ಇದೆ. ಡಾಮ್‌ನಲ್ಲಿ ಇಲ್ಲದ ಸಾಲು ಬ್ರೌಸರಿನ ಪುಟದೊಳಗಿನ ಹುಡುಕಾಟಕ್ಕೆ ಸಿಗದು. ಪರದೆ ಓದುವ ತಂತ್ರಾಂಶ ಬಳಸುವ ಅಂಧ ಓದುಗರಿಗೆ ಲಕ್ಷದ ಪಟ್ಟಿ ಮೂವತ್ತರ ಪಟ್ಟಿಯಾಗಿ ಕೇಳಿಸುತ್ತದೆ. ಒಟ್ಟು ಸಾಲುಗಳೆಷ್ಟು, ಇದು ಎಷ್ಟನೆಯದು ಎಂದು ಅಂಥ ತಂತ್ರಾಂಶಗಳಿಗೆ ಮಾಹಿತಿ ಕೊಡುವ ಏರಿಯಾ ಗುಣಗಳಲ್ಲಿ ನಮೂದಿಸುವುದನ್ನು ಅಲಂಕಾರವೆಂದು ಬಿಡಬಾರದು. ಮೇಲಾಗಿ ಬ್ರೌಸರುಗಳಲ್ಲಿ ಒಂದು ಅಂಶದ ಎತ್ತರಕ್ಕೂ ಮಿತಿಯಿದೆ. ಕ್ರೋಮ್‌ನಲ್ಲಿ ಅದು ಸುಮಾರು 3.35 ಕೋಟಿ ಪಿಕ್ಸೆಲ್. 30 ಪಿಕ್ಸೆಲಿನ ಸಾಲುಗಳಾದರೆ 11 ಲಕ್ಷಕ್ಕೆ ಮುಟ್ಟುತ್ತದೆ.

ಸಿಎಸ್ಎಸ್‌ನ ಕಂಟೆಂಟ್-ವಿಸಿಬಿಲಿಟಿ ನಡುದಾರಿಯೊಂದನ್ನು ತೆರೆದಿದೆ. ಇದರಲ್ಲಿ ಸಾಲುಗಳು ಡಾಮ್‌ನಲ್ಲೇ ಇರುತ್ತವೆ, ಪರದೆಯಾಚೆ ಇರುವವಕ್ಕೆ ಲೇಔಟ್ ಮತ್ತು ಬಣ್ಣದ ಕೆಲಸ ನಡೆಯುವುದಿಲ್ಲ, ಹುಡುಕಾಟವೂ ಕೆಡುವುದಿಲ್ಲ. 2020ರಲ್ಲಿ ಕ್ರೋಮ್ 85ರಲ್ಲಿ ಬಂದ ಈ ಗುಣ 2024ರ ಹೊತ್ತಿಗೆ ಫೈರ್‌ಫಾಕ್ಸ್ ಮತ್ತು ಸಫಾರಿಗಳಿಗೂ ತಲುಪಿತು. ಕೆಲವು ಸಾವಿರ ಸಾಲುಗಳವರೆಗಿನ ಪಟ್ಟಿಗೆ ಕಿಟಕಿಯ ಗ್ರಂಥಾಲಯಕ್ಕಿಂತ ಮೊದಲು ಇದನ್ನು ಪ್ರಯತ್ನಿಸುವುದು ಮೇಲು.

ಸರ್ವರ್, ಸರದಿ, ಅಳತೆ

ಎಲಿಕ್ಸಿರ್ ಭಾಷೆಯ ಫೀನಿಕ್ಸ್ ಲೈವ್‌ವ್ಯೂನಲ್ಲಿ ಪರದೆಯ ಸ್ಥಿತಿ ಸರ್ವರಿನಲ್ಲೇ ಇರುತ್ತದೆ. ಪ್ರತಿ ಬಳಕೆದಾರನಿಗೂ ಉದ್ದದ ಪಟ್ಟಿಯೊಂದನ್ನು ಸ್ಮೃತಿಯಲ್ಲಿ ಹೊರುವುದು ಅಲ್ಲಿನ ಕಷ್ಟ. 2023ರಲ್ಲಿ ಬಂದ ಸ್ಟ್ರೀಮ್‌ಗಳು ಸಾಲುಗಳನ್ನು ಬ್ರೌಸರಿಗೆ ಕಳಿಸಿದೊಡನೆ ಸರ್ವರಿನಿಂದ ಮರೆತುಬಿಡುತ್ತವೆ. ಸೇರಿಸು, ಅಳಿಸು ಎಂಬ ಆದೇಶಗಳು ಮಾತ್ರ ಹರಿಯುತ್ತವೆ, ಅವು ಯಾವ ಸಾಲಿಗೆ ಎಂಬುದನ್ನು ಇಲ್ಲೂ ಹೇಳುವುದು ಸಾಲಿನ ಐಡಿಯೇ.

ಕೆಲಸವನ್ನು ಕಡಿಮೆ ಮಾಡಲಾಗದಿದ್ದಾಗ ಮುಂದೂಡಬಹುದು. 2022ರ ಮಾರ್ಚಿನಲ್ಲಿ ಬಂದ ರಿಯಾಕ್ಟ್ 18 ಹುಡುಕು ಪೆಟ್ಟಿಗೆಯ ಅಕ್ಷರವನ್ನು ತುರ್ತೆಂದೂ, ಅದರಿಂದ ಸೋಸಿದ ಪಟ್ಟಿಯನ್ನು ತುರ್ತಲ್ಲವೆಂದೂ ಬೇರ್ಪಡಿಸಲು ಬಿಡುತ್ತದೆ. ಅಕ್ಷರ ತಕ್ಷಣ ಮೂಡುತ್ತದೆ, ಪಟ್ಟಿ ಬಿಡುವಾದಾಗ ಬರುತ್ತದೆ. ಅಷ್ಟರಲ್ಲಿ ಮತ್ತೊಂದು ಅಕ್ಷರ ಬಂದರೆ ಅರ್ಧಕ್ಕೆ ಬಂದ ಚಿತ್ರಣವನ್ನು ಕೈಬಿಟ್ಟು ಹೊಸದನ್ನು ಹಿಡಿಯುತ್ತದೆ.

ಚೌಕಟ್ಟುಗಳನ್ನು ಹೋಲಿಸಲು ಸ್ಟೆಫಾನ್ ಕ್ರೌಸ್ ನಡೆಸುವ ಮಾಪನ ಪ್ರಸಿದ್ಧ. ಸಾವಿರ ಸಾಲು ಸೃಷ್ಟಿಸುವುದು, ಹತ್ತು ಸಾವಿರ ಸೃಷ್ಟಿಸುವುದು, ಪ್ರತಿ ಹತ್ತನೆಯದನ್ನು ತಿದ್ದುವುದು, ಎರಡು ಸಾಲುಗಳನ್ನು ಅದಲುಬದಲು ಮಾಡುವುದು ಮುಂತಾದ ಪರೀಕ್ಷೆಗಳು ಅದರಲ್ಲಿವೆ. ಕೀ ಇರುವ ಮತ್ತು ಇಲ್ಲದ ವಿಧಾನಗಳನ್ನು ಅದು ಒಟ್ಟಿಗೆ ಹೋಲಿಸುವುದಿಲ್ಲ. ಒಂದು ಸಾಲುಗಳ ಗುರುತನ್ನು ಕಾಯುತ್ತದೆ, ಇನ್ನೊಂದು ಕಾಯುವುದಿಲ್ಲ, ಹಾಗಾಗಿ ಅವು ಒಂದೇ ಕೆಲಸವಲ್ಲ. ಸ್ವಂತ ಅನ್ವಯವನ್ನು ಅಳೆಯುವವರು ಅಭಿವೃದ್ಧಿ ಆವೃತ್ತಿಯನ್ನು ಬಿಟ್ಟು ಪ್ರೊಡಕ್ಷನ್ ಆವೃತ್ತಿಯನ್ನೇ ಅಳೆಯಬೇಕು. ರಿಯಾಕ್ಟ್‌ನ ಅಭಿವೃದ್ಧಿ ಆವೃತ್ತಿ ತಪ್ಪು ಹಿಡಿಯುವ ಹೆಚ್ಚುವರಿ ಕೆಲಸಗಳಿಂದಾಗಿ ಸಹಜವಾಗಿಯೇ ನಿಧಾನ.

ಗುರುತನ್ನು ಇಷ್ಟೆಲ್ಲ ಕಾಪಾಡಿದರೂ ಡಾಮ್ ಬಹುಕಾಲ ಒಂದು ಕಡೆ ಸಹಕರಿಸುತ್ತಿರಲಿಲ್ಲ. ಇರುವ ನೋಡನ್ನು ಇನ್‌ಸರ್ಟ್‌ಬಿಫೋರ್ ಮೂಲಕ ಬೇರೆಡೆ ಇಟ್ಟರೆ ಬ್ರೌಸರ್ ಅದನ್ನು ಒಮ್ಮೆ ತೆಗೆದು ಮತ್ತೆ ಸೇರಿಸಿದಂತೆ ನಡೆದುಕೊಳ್ಳುತ್ತದೆ. ಒಳಗಿನ ಐಫ್ರೇಮ್ ಮೊದಲಿನಿಂದ ಲೋಡ್ ಆಗುತ್ತದೆ, ಅನಿಮೇಶನ್ ಮತ್ತೆ ಶುರುವಾಗುತ್ತದೆ, ಕರ್ಸರ್ ಕಳೆದುಹೋಗುತ್ತದೆ. ಸರಿಸಬೇಕಾದ ಸಾಲುಗಳ ಸಂಖ್ಯೆಯನ್ನು ಒಂದಕ್ಕೆ ಇಳಿಸಿದರೂ ಆ ಒಂದು ಸಾಲಿನೊಳಗೇ ಬಳಕೆದಾರ ಟೈಪ್ ಮಾಡುತ್ತಿರಬಹುದು. 2025ರ ಫೆಬ್ರವರಿಯಲ್ಲಿ ಕ್ರೋಮ್ 133 ತಂದ ಮೂವ್‌ಬಿಫೋರ್ ಎಂಬ ಹೊಸ ವಿಧಾನ ನೋಡನ್ನು ಅದರ ಸ್ಥಿತಿಯ ಸಮೇತ, ಕಿತ್ತು ನೆಡದೆ, ಹೊಸ ಜಾಗಕ್ಕೆ ಒಯ್ಯುತ್ತದೆ.